ನೆಲ, ನೀರು, ಜನ: ಮೂರರ ಕೂಡುಲೆಕ್ಕಕ್ಕೆ ಒಬ್ಬ ಅಧ್ಯಾಪಕನು ಬೇಕು

ಕಳೆದ ಹಿಂಗಾರಿ ಬಿತ್ತಿಗೆಯ ಕಾಲಕ್ಕೆ ನಿಡೋಣಿಯ ಒಂದು ಎರೆಹೊಲದ ಬದುವಿನ ಮೇಲೆ ನಿಂತು ಮಣ್ಣಿನ ಹಸಿಯನ್ನು ನೋಡುತ್ತಿರುವಾಗ ಆ ಹೊಲದ ಒಡೆಯರಾದ ಹಿರಿಯ ಒಕ್ಕಲಿಗರೊಬ್ಬರು ನನಗೆ ಒಂದು ಪ್ರಶ್ನೆಯನ್ನು ಕೇಳಿದರು. “ಸಾಹೇಬರ, ಈ ಹಳ್ಳದ ನೆಲಾ ಇನ್ನೂ ಎಷ್ಟ ಬೋರ್ ತಡದೀತ್ರಿ?” ಎಂಬದೇ ಆ ಪ್ರಶ್ನೆ. ಜೋಳದ ಬೀಜವನ್ನು ಎಕರೆಗೆಷ್ಟು ಬಿತ್ತಬೇಕು, ದ್ರಾಕ್ಷಿಗೆ ಯಾವಾಗ ಚಾಟಣಿ ಮಾಡಬೇಕು, ತೊಗರಿಯ ಕಾಯಿಕೊರಕಕ್ಕೆ ಏನನ್ನು ಸಿಂಪಡಿಸಬೇಕು ಎಂದು ಅವರು ಕೇಳಿದ್ದರೆ ನಿಂತ ನಿಲುವಿನಲ್ಲಿಯೇ ಉತ್ತರ ಕೊಡುತ್ತಿದ್ದೆನು. ಈ ಪ್ರಶ್ನೆಗೆ ಮಾತ್ರ ನನ್ನ ಬಳಿಯಲ್ಲಿ ಉತ್ತರವಿರಲಿಲ್ಲ.

ಉತ್ತರವಿಲ್ಲದಿರುವದು ನನ್ನೊಬ್ಬನ ಅಜ್ಞಾನದಿಂದಲ್ಲ. ಮಳೆ ಎಷ್ಟು ಬಿದ್ದಿತೆಂಬದನ್ನು ಮಳೆಮಾಪಕವು ಹೇಳುವದು. ಬೆಳೆಗೆ ನೀರು ಎಷ್ಟು ಬೇಕೆಂಬದನ್ನು ಬೇಸಾಯಶಾಸ್ತ್ರಜ್ಞನು ಹೇಳುವನು. ಬಂಡೆಯ ಬಿರುಕಿನಲ್ಲಿ ನೀರೆಷ್ಟು ನಿಲ್ಲುವದೆಂಬದನ್ನು ಭೂಜಲ ಪರೀಕ್ಷಕನು ಹೇಳುವನು. ಒಣದ್ರಾಕ್ಷಿಯ ಪೇಟೆಯ ಧಾರಣೆಯನ್ನು ಅರ್ಥಶಾಸ್ತ್ರಜ್ಞನು ಹೇಳುವನು. ಆದರೆ ಧಾರಣೆಯು ಏರಿದರೆ ಬೋರುಗಳೆಷ್ಟು ಹೆಚ್ಚುವವು, ಬೋರುಗಳು ಹೆಚ್ಚಿದರೆ ನೀರಿನ ಮಟ್ಟವು ಎಷ್ಟು ಇಳಿಯುವದು, ಮಟ್ಟವು ಇಳಿದರೆ ಮೊದಲು ಯಾರ ಬಾವಿಯು ಬತ್ತುವದು, ಬತ್ತಿದವರು ಸಾಲ ಮಾಡಿ ಇನ್ನೂ ಆಳಕ್ಕೆ ಹೋಗುವರೋ ಅಥವಾ ಊರು ಬಿಟ್ಟು ದುಡಿಯಲು ಹೋಗುವರೋ ಎಂಬ ಈ ಸರಪಳಿಯನ್ನೆಲ್ಲ ಒಂದೇ ಕೈಯಲ್ಲಿ ಹಿಡಿದು ಲೆಕ್ಕ ಹಾಕುವವನು ನಮ್ಮ ಭಾಗದಲ್ಲಿ ನನಗೆ ಸಿಕ್ಕಿಲ್ಲ.

ಆ ಹಿರಿಯರ ಮಗಳು ಕೃಷಿಯಲ್ಲಿ ಎಂ.ಎಸ್‌ಸಿ. ಮುಗಿಸಿದವಳು, ಅಲ್ಲಿಯೇ ನಿಂತಿದ್ದಳು. ಇಂಥ ಕೂಡುಲೆಕ್ಕದ ವಿದ್ಯೆಯು ಜಗತ್ತಿನಲ್ಲಿ ಇದೆಯೆಂದೂ, ಅದಕ್ಕೆ ಸಮಾಜ–ಪರಿಸರ ವ್ಯವಸ್ಥೆಗಳ ಮಾದರಿ ರಚನೆಯೆಂದು ಹೆಸರಿದೆಯೆಂದೂ ಆಕೆಗೆ ಗೊತ್ತಿತ್ತು. ಅದರಲ್ಲಿಯೇ ಪಿಎಚ್.ಡಿ. ಮಾಡುವ ಮನಸ್ಸೂ ಇತ್ತು. ಆಕೆ ಕೇಳಿದ ಪ್ರಶ್ನೆಯು ತಂದೆಯ ಪ್ರಶ್ನೆಗಿಂತ ಕಠಿಣವಾಗಿತ್ತು: “ಇದನ್ನ ಕಲತ ಬಂದರ ನಮ್ಮ ಕಡೆ ನನಗ ಕುರ್ಚಿ ಎಲ್ಲೈತ್ರಿ?” ಈ ಎರಡೂ ಪ್ರಶ್ನೆಗಳು ಒಂದೇ ಎಂದು ನನಗೆ ಆಗ ತೋರಿತು. ಮಗಳಿಗೆ ಕುರ್ಚಿ ಇಲ್ಲದ್ದರಿಂದಲೇ ತಂದೆಗೆ ಉತ್ತರವಿಲ್ಲ. ಈ ಸಂಗತಿಯನ್ನು ಖಾತೆಯ ಅಧಿಕಾರಿಗಳ ಹಾಗೂ ಒಕ್ಕಲುತನದ ಬಂಧುಗಳ ಎದುರಿಗೆ ಇಡಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಈ ವಿದ್ಯೆಯೆಂದರೇನು?

ಹೆಸರು ದೊಡ್ಡದಾಗಿದ್ದರೂ ವಿಷಯವು ಸರಳವಾಗಿದೆ. ಒಂದು ಉದಾಹರಣೆಯಿಂದ ಹೇಳುತ್ತೇನೆ. ಇದರಲ್ಲಿಯ ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು, ಯಾವ ಊರಿನವೂ ಅಲ್ಲ.

ಒಂದು ಹಳ್ಳದ ನೆಲದಲ್ಲಿ ವರ್ಷಕ್ಕೆ 100 ಪಾಲು ನೀರು ಇಂಗುವದೆಂದು ಭಾವಿಸೋಣ. ಅಲ್ಲಿ 60 ಬೋರುಗಳಿದ್ದು ಒಂದೊಂದೂ ವರ್ಷಕ್ಕೆ 2 ಪಾಲು ಎತ್ತಿದರೆ ಒಟ್ಟು 120 ಪಾಲು ಹೊರಗೆ ಬರುವದು. ಅಂದರೆ ವರ್ಷಕ್ಕೆ 20 ಪಾಲಿನಷ್ಟು ನೆಲದ ಗಂಟು ಕರಗುವದು. ಈಗ ನದಿಯ ನೀರನ್ನು ಎತ್ತಿ ತಂದು ಅಲ್ಲಿಯ ಕೆರೆಯನ್ನು ತುಂಬಿಸಿದರು. ಇಂಗುವ ನೀರು 150 ಪಾಲಿಗೆ ಏರಿತು. ಕಾಗದದ ಮೇಲೆ ನೋಡಿದರೆ 30 ಪಾಲು ಉಳಿತಾಯವಾಯಿತು. ಆದರೆ ನೀರು ಬಂದಿತೆಂಬ ಸುದ್ದಿಯು ಕೇಳಿದೊಡನೆ ಒಕ್ಕಲಿಗನು ಸುಮ್ಮನೆ ಕುಳಿತಿರುವನೇ? ಒಣ ಬೇಸಾಯದ ಹೊಲದಲ್ಲಿ ದ್ರಾಕ್ಷಿಯ ಕಂಬಗಳು ಏಳುವವು. 60 ಬೋರುಗಳು 90 ಆಗುವವು. ಎತ್ತುವ ನೀರು 180 ಪಾಲು ಆಗುವದು. ಆಗ ಮೊದಲಿನ 20 ಪಾಲಿನ ಕೊರತೆಯ ಬದಲು 30 ಪಾಲಿನ ಕೊರತೆಯು ಬಂದು ನಿಲ್ಲುವದು. ಅದರೊಡನೆ ತೋಟದ ಸಾಲವೂ ಇರುವದು. ಜನರನ್ನು ಬಿಟ್ಟು ಹಾಕಿದ ಲೆಕ್ಕವು ಉಳಿತಾಯವನ್ನು ತೋರಿಸಿತು. ಜನರನ್ನು ಸೇರಿಸಿದ ಲೆಕ್ಕವು ಕೊರತೆಯನ್ನು ತೋರಿಸಿತು. ಇನ್ನು ಅದೇ ಊರವರು ಕೂಡಿ ಕುಳಿತು 70 ಬೋರುಗಳಾಚೆಗೆ ಹೋಗಕೂಡದೆಂದು ಗೆರೆ ಎಳೆದುಕೊಂಡರೆ ಎತ್ತುವದು 140 ಆಗಿ 10 ಪಾಲು ನೆಲದಲ್ಲಿ ಉಳಿಯುವದು. ನೀರು ಅದೇ, ನೆಲವೂ ಅದೇ. ಜನರ ನಡೆಯೊಂದು ಬದಲಾದ ಮಾತ್ರಕ್ಕೆ ಮೂರು ಬೇರೆ ಬೇರೆ ಫಲಗಳು ಬಂದವು.

ಈ ಮೂರು ಸಾಲಿನ ಲೆಕ್ಕವನ್ನು ಮಳೆಯ ಏರಿಳಿತ, ಮಣ್ಣಿನ ಆಳ, ಬಂಡೆಯ ಬಗೆ, ಸಾಲ, ಧಾರಣೆ, ವಿದ್ಯುತ್ತಿನ ಗಂಟೆಗಳು, ಅಣ್ಣತಮ್ಮಂದಿರ ಪಾಲು, ಊರಿನ ಕಟ್ಟುಪಾಡು ಇವೆಲ್ಲವುಗಳೊಡನೆ ಗಣಕಯಂತ್ರದಲ್ಲಿಟ್ಟು ಇಪ್ಪತ್ತು ಮೂವತ್ತು ವರ್ಷ ಮುಂದಕ್ಕೆ ಓಡಿಸಿ ನೋಡುವದೇ ಈ ವಿದ್ಯೆ. ಇದು ಭವಿಷ್ಯ ಹೇಳುವ ಪಂಚಾಂಗವಲ್ಲ. ‘ಹೀಗೆ ಮಾಡಿದರೆ ಹೀಗಾಗಬಹುದು, ಹಾಗೆ ಮಾಡಿದರೆ ಹಾಗಾಗಬಹುದು’ ಎಂದು ಮುಂಚೆಯೇ ಕಾಣಿಸುವ ಸಾಧನ.

ನಮ್ಮ ಜಿಲ್ಲೆಗೆ ಇದರ ಅವಶ್ಯಕತೆಯು ಎಷ್ಟೆಂಬದನ್ನು ಬೇರೆ ಹೇಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ಡೋಣಿಯ ದಂಡೆಯ ಎರೆಯು ಹದವಾದ ಮಳೆಗೆ ಓಣಿ ತುಂಬ ಕಾಳು ಕೊಡುವದೆಂಬ ಹೆಸರು ಪಡೆದುದು. ಅದೇ ಡೋಣಿಯ ಸವುಳು ನೀರು ಕುಡಿಯಲು ಬಾರದು. 1876–78ರ ದೊಡ್ಡ ಬರದಲ್ಲಿ ಈ ಜಿಲ್ಲೆಯು ಪಟ್ಟ ಪಾಡು ಇತಿಹಾಸದಲ್ಲಿದೆ. 2023ರಲ್ಲಿಯೂ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಇನ್ನೊಂದು ಕಡೆಯಿಂದ, ಮುಳವಾಡ ಹಾಗೂ ತುಬಚಿ–ಬಬಲೇಶ್ವರ ಏತ ನೀರಾವರಿಗಳ ಮೂಲಕ ಕೃಷ್ಣೆಯ ನೀರು ಈ ಒಣನೆಲಕ್ಕೆ ಏರಿ ಬಂದಿದೆ. ತಿಕೋಟಾ, ಬಬಲೇಶ್ವರದ ಸುತ್ತು ದ್ರಾಕ್ಷಿಯ ತೋಟಗಳೂ ಒಣದ್ರಾಕ್ಷಿಯ ಮನೆಗಳೂ ಎದ್ದಿವೆ. ಮಹಮ್ಮದ ಆದಿಲಶಾಹನ ಕಾಲದ ಮಮದಾಪುರದ ಕೆರೆಯಿಂದ ಇಂದಿನ ಕಾಲುವೆಯ ವರೆಗೆ ಈ ನಾಡು ನೀರು ತರುವ ವಿದ್ಯೆಯನ್ನು ಚೆನ್ನಾಗಿ ಬಲ್ಲುದು. ಬಂದ ನೀರಿನ ಎದುರಿಗೆ ಜನರು ಹೇಗೆ ನಡೆಯುವರೆಂಬ ಲೆಕ್ಕವನ್ನು ಮಾತ್ರ ಇನ್ನೂ ಕಲಿಯಬೇಕಾಗಿದೆ.

ಇದು ನಮಗೆ ಹೊಸದಲ್ಲ

ಇಂಥ ವಿಚಾರವು ಪರದೇಶದಿಂದ ಬಂದ ಹೊಸ ಹುಚ್ಚೆಂದು ಯಾರಾದರೂ ಅಂದಾರು. ಹಾಗಲ್ಲ. ಈ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಾಗ ಪುಣೆಯ ಕೃಷಿ ಕಾಲೇಜಿನ ಪ್ರಾಚಾರ್ಯರಾಗಿದ್ದು ಮುಂದೆ ಕೃಷಿಖಾತೆಯ ಡೈರೆಕ್ಟರರಾದ ಹೆರಾಲ್ಡ್ ಮ್ಯಾನ್ ಎಂಬವರು ಪುಣೆಯ ಹತ್ತಿರದ ಪಿಂಪಳೆ ಸೌದಾಗರ ಎಂಬ ಒಂದೇ ಹಳ್ಳಿಯ ಭೂಮಿ, ಬೆಳೆ, ಸಾಲ, ಕೂಲಿ, ಮನೆಮನೆಯ ಆಯವ್ಯಯಗಳನ್ನೆಲ್ಲ ಎಣಿಸಿ 1917ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. 1771ರಲ್ಲಿ ಅಲ್ಲಿ ಸರಾಸರಿ 40 ಎಕರೆಯಿದ್ದ ಹಿಡುವಳಿಯು 1915ರ ಹೊತ್ತಿಗೆ 7 ಎಕರೆಗೆ ಇಳಿದಿತ್ತೆಂಬದನ್ನು ಅವರು ಕಾಗದಪತ್ರಗಳಿಂದ ತೋರಿಸಿದರು. ಎರಡನೆಯ ಹಳ್ಳಿಯ ಅಧ್ಯಯನವು 1921ರಲ್ಲಿ ಹೊರಬಂದಿತು. ಅದರಲ್ಲಿ ಅವರ ಜತೆಗಾರರು ಎನ್. ವ್ಹಿ. ಕಾನಿಟಕರರು. ಇದೇ ಕಾನಿಟಕರರು ಮುಂದೆ ಒಣ ಬೇಸಾಯದ ಸಂಶೋಧನೆಯಲ್ಲಿ ಹೆಸರಾಗಿ, 1944ರಲ್ಲಿ ಹಿಂದುಸ್ಥಾನದ ಒಣ ಬೇಸಾಯವನ್ನು ಕುರಿತ ಗ್ರಂಥವನ್ನು ಬರೆದರು. 1930ರ ದಶಕದಲ್ಲಿ ಸೊಲ್ಲಾಪುರದಲ್ಲಿಯೂ ನಮ್ಮ ವಿಜಾಪುರದಲ್ಲಿಯೂ ಒಣ ಬೇಸಾಯದ ಸಂಶೋಧನ ಕೇಂದ್ರಗಳು ಎದ್ದವು. ಹಳ್ಳಿಯ ಸಾಲವನ್ನು ಎಣಿಸಿದ ಕೈಯೇ ಹೊಲದ ಹಸಿಯನ್ನೂ ಅಳೆಯಿತೆಂಬ ಈ ಮಾತನ್ನು ನಾವು ಮರೆಯಬಾರದು. ಮುಂದೆ ವಿದ್ಯೆಯು ಬೆಳೆದಂತೆ ಅದು ಕೋಣೆ ಕೋಣೆಯಾಗಿ ಒಡೆಯಿತು. ಮಣ್ಣಿನವನು ಮಣ್ಣಿನ ಕೋಣೆಯಲ್ಲಿ, ಸಾಲದವನು ಸಾಲದ ಕೋಣೆಯಲ್ಲಿ ಕುಳಿತನು.

ಆ ಕೋಣೆಗಳ ಗೋಡೆಯನ್ನು ದಾಟಿದ ಪ್ರಯತ್ನಗಳು ನಮ್ಮ ಕರ್ನಾಟಕದಲ್ಲಿಯೇ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುದ್ರಸಾಯನದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರವಿದ್ಯೆಗಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ 56 ಮನೆಗಳ 357 ಜನರು ಸೌದೆ, ಸೀಮೆಎಣ್ಣೆ, ಎತ್ತು, ತಮ್ಮ ಮೈಬಲ ಇವುಗಳಲ್ಲಿ ಯಾವುದನ್ನು ಎಷ್ಟು ಬಳಸುವರೆಂಬದನ್ನು ಅವರ ತಂಡವು ಎಣಿಸಿತು. ಊರಿನಲ್ಲಿ ಖರ್ಚಾಗುವ ಮನುಷ್ಯಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದೆಂದು ಆ ಎಣಿಕೆಯಿಂದ ಹೊರಬಿದ್ದಿತು. ಹತ್ತಿರದ ಉಂಗ್ರ ಎಂಬ ಹಳ್ಳಿಯ ಬೇಸಾಯವನ್ನು ಇದೇ ರೀತಿಯಾಗಿ ಎನ್. ಎಚ್. ರವೀಂದ್ರನಾಥರೂ ಅವರ ಸಂಗಡಿಗರೂ ಅಭ್ಯಾಸ ಮಾಡಿ 1981ರಲ್ಲಿ ಪ್ರಕಟಿಸಿದರು.

ಪುರದ ಮುಂದಿನ ಕಥೆಯು ಇನ್ನೂ ಬೋಧಪ್ರದವಾಗಿದೆ. ಊರಿಗೆಲ್ಲ ಅಡಿಗೆಗೆ ಸಾಕಾಗುವಂತೆ ಸೆಗಣಿಯ ಅನಿಲವನ್ನು ಕೊಡಬೇಕೆಂದು ಮೊದಲು ಸ್ಥಾವರವನ್ನು ಕಟ್ಟಿದರು, ಅದು ಸಾಗಲಿಲ್ಲ. ಇದ್ದ ಸೆಗಣಿಯಿಂದ ಬಂದ ಅನಿಲವು ಎಲ್ಲರ ಒಲೆಗೂ ಸಾಕಾಗಲಿಲ್ಲ. ಮೇಲಾಗಿ ಊರವರಿಗೆ ಒಲೆಗಿಂತ ಮೊದಲು ಕುಡಿಯುವ ನೀರು ಬೇಕಾಗಿತ್ತು. ಇದನ್ನು ಒಪ್ಪಿಕೊಂಡು 1987ರಿಂದ ಅದೇ ಅನಿಲದಿಂದ ಯಂತ್ರವನ್ನು ನಡೆಸಿ, ನೀರೆತ್ತಿ, ಮನೆಗಳಿಗೆ ದೀಪ ಕೊಡಲಾರಂಭಿಸಿದರು. ಸೆಗಣಿ ಕೊಟ್ಟವರಿಗೆ ಹಣವೂ ಗೊಬ್ಬರದ ರಾಡಿಯೂ ಮರಳಿ ಸಿಗುವಂತೆ ಏರ್ಪಾಡು ಮಾಡಿದರು. ಆಗ ಕೆಲಸವು ನಡೆಯಿತು. ರೆಡ್ಡಿಯವರು ಮೊದಲಿನ ಸೋಲನ್ನು ಮುಚ್ಚಿಡದೆ ಬರೆದು ತಿಳಿಸಿದರು. ಸೆಗಣಿಯ ರಸಾಯನವು ಎರಡೂ ಸಲ ಒಂದೇ ಆಗಿತ್ತು. ಎರಡನೆಯ ಸಲ ಊರವರ ಮನಸ್ಸನ್ನೂ ಲೆಕ್ಕದಲ್ಲಿ ಸೇರಿಸಿದರು.

ಇನ್ನೊಬ್ಬರು ಮಾಧವ ಗಾಡಗೀಳರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಗಣಿತದ ಮೂಲಕ ಜೀವಪರಿಸರವನ್ನು ಅಭ್ಯಾಸ ಮಾಡಿ ಪಿಎಚ್.ಡಿ. ಪಡೆದು, 1973ರಲ್ಲಿ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸರಕಾರದ ಕೇಳಿಕೆಯ ಮೇರೆಗೆ ಅವರು 1975ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮೊದಲಾದ ಕಡೆಗಳ ಬಿದಿರಿನ ಪರೀಕ್ಷೆಗೆ ಕೈ ಹಾಕಿದರು. ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳನ್ನು ಸವರಿ ಸ್ವಚ್ಛ ಮಾಡುವದು ಒಳ್ಳೆಯದೆಂದು ಕಾಗದದ ಗಿರಣಿಯ ಕಡೆಯವರು ತಿಳಿದಿದ್ದರು. ಮುಳ್ಳು ಹೋದರೆ ಎಳೆಯ ಕಳಲೆಯು ದನಗಳ ಬಾಯಿಗೆ ಬೀಳುವದೆಂದು ಹಳ್ಳಿಗರು ಹೇಳಿದರು. ಅಳೆದು ನೋಡಲಾಗಿ ಹಳ್ಳಿಗರ ಮಾತೇ ನಿಜವಾಯಿತು. ಗಣಿತ ಬಲ್ಲ ಪ್ರಾಧ್ಯಾಪಕನು ಮುಳ್ಳು ಬಲ್ಲ ಹಳ್ಳಿಗನ ಮಾತನ್ನು ಕಿವಿಗೊಟ್ಟು ಕೇಳಿ, ಅದನ್ನು ಪರೀಕ್ಷೆಗೆ ಒಡ್ಡಿದುದೇ ಇಲ್ಲಿಯ ಮುಖ್ಯ ಸಂಗತಿ.

ಮೂರನೆಯದು ಅರ್ಕಾವತಿಯ ಪ್ರಕರಣ. ಬೆಂಗಳೂರಿಗೆ ನೀರು ಕೊಡಲು 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯಕ್ಕೆ ವರ್ಷ ವರ್ಷಕ್ಕೂ ಬರುವ ನೀರು ಕುಗ್ಗುತ್ತ ಹೋಯಿತು. ಮಳೆ ಕಡಿಮೆಯಾಯಿತೆಂದು ಕೆಲವರು, ಬಿಸಿಲು ಹೆಚ್ಚಿತೆಂದು ಕೆಲವರು ಅಂದರು. ‘ಏಟ್ರೀ’ ಎಂಬ ಸಂಸ್ಥೆಯ ವೀಣಾ ಶ್ರೀನಿವಾಸನ್‌ರೂ ಅವರ ಸಂಗಡಿಗರೂ ಈ ಊಹೆಗಳನ್ನು ಒಂದೊಂದಾಗಿ ತೂಗಿ ನೋಡಿ 2015ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮಳೆಯಲ್ಲಿ ಅಂಥ ಬದಲಾವಣೆಯಾಗಿರಲಿಲ್ಲ. ಅಂತರ್ಜಲವನ್ನು ಎತ್ತುವದೂ ನೀಲಗಿರಿಯ ತೋಪುಗಳು ಹರಡಿದುದೂ ಮುಖ್ಯ ಕಾರಣಗಳಾಗಿದ್ದವು. ತೋಪು ಹಾಕಿದವರೂ ಬೋರು ಕೊರೆಸಿದವರೂ ಕೆಟ್ಟವರಲ್ಲ. ಪ್ರತಿಯೊಬ್ಬನೂ ತನ್ನ ಹೊಲದ ಮಟ್ಟಿಗೆ ಸರಿಯಾದುದನ್ನೇ ಮಾಡಿದ್ದನು. ಅವುಗಳೆಲ್ಲದರ ಮೊತ್ತವೇ ನದಿಯು ಬತ್ತಿದುದು.

ಹೊರದೇಶದಲ್ಲಿಯೂ ಈ ವಿದ್ಯೆಗೆ ಗೌರವವು ಸಂದಿದೆ. ಅಮೇರಿಕೆಯ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಎಲಿನಾರ್ ಆಸ್ಟ್ರಮ್‌ರು ಜಗತ್ತಿನ ನಾನಾ ಕಡೆಯ ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆ, ಅಡವಿಗಳನ್ನು ಜನರು ಕೂಡಿ ಕಾಯ್ದುಕೊಳ್ಳುವ ರೀತಿಯನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಬಂದಿತು. ಆ ಪಾರಿತೋಷಕವನ್ನು ಪಡೆದ ಮೊದಲನೆಯ ಹೆಂಗಸು ಅವರೇ. ಅವರೊಡನೆ ಕೆಲಸ ಮಾಡಿದ ಹರಿಣಿ ನಾಗೇಂದ್ರರು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ ಆ ನಗರದ ಕೆರೆಗಳ ಹಾಗೂ ಅವುಗಳ ಸುತ್ತಲಿನ ಜನರ ಸಂಬಂಧವನ್ನು ಅಭ್ಯಾಸ ಮಾಡಿದ್ದಾರೆ.

ನನ್ನದೇ ಒಂದು ತಪ್ಪು

ಇಷ್ಟು ಹೇಳಿದ ಮೇಲೆ ನನ್ನ ಸ್ವಂತದ ಒಂದು ತಪ್ಪನ್ನೂ ಹೇಳುವದು ನ್ಯಾಯವಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ಕಡೆಗಿದ್ದ ಒಂದು ಹಳ್ಳಿಯಲ್ಲಿ ಹೊಲಗಳಲ್ಲಿ ಹೊಂಡ ತೋಡಿಸಿ, ಒಳಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಮಳೆಯ ಹರಿನೀರನ್ನು ಹಿಡಿದಿಡಬೇಕೆಂದು ನಾನು ಮನೆಮನೆಗೆ ತಿರುಗಿ ಹೇಳಿದೆನು. ಜನರು ಕೇಳಿದರು. ಹೊಂಡಗಳ ಪಟ್ಟಿಯು ಉದ್ದವಾಯಿತು. ಕೆಲಸವು ಚೆನ್ನಾಯಿತೆಂದು ನಾನು ವರದಿ ಬರೆದೆನು. ಮೂರನೆಯ ಬೇಸಗೆಗೆ ಹೋಗಿ ನೋಡಿದಾಗ ಹೊಂಡಗಳು ತುಂಬಿದ್ದವು. ಬೇಸಗೆಯಲ್ಲಿ ಹೊಂಡ ತುಂಬಿದ್ದು ಹೇಗೆ? ರಾತ್ರಿ ವಿದ್ಯುತ್ತು ಬಂದಾಗ ಬೋರಿನ ನೀರನ್ನು ಎತ್ತಿ ಹೊಂಡದಲ್ಲಿ ತುಂಬಿಟ್ಟು, ಹಗಲಿನಲ್ಲಿ ಹನಿಯ ಕೊಳವೆಯಿಂದ ದ್ರಾಕ್ಷಿಗೆ ಬಿಡುತ್ತಿದ್ದರು. ಬಿಟ್ಟು ಬಿಟ್ಟು ಬರುವ ವಿದ್ಯುತ್ತಿಗೆ ಅದು ಜಾಣತನದ ಉಪಾಯವೇ ಸರಿ. ನಾನು ಒಕ್ಕಲಿಗನಾಗಿದ್ದರೆ ಅದನ್ನೇ ಮಾಡುತ್ತಿದ್ದೆನು. ಆದರೆ ಮಳೆನೀರನ್ನು ಹಿಡಿಯಲೆಂದು ನಾನು ಹೇಳಿದ ಹೊಂಡವು ನೆಲದ ನೀರನ್ನು ಹಗಲಿರುಳು ಹೊರಗೆಳೆಯುವ ಸಾಧನವಾಗಿ ಬಿಟ್ಟಿತ್ತು.

ಹಳ್ಳದ ಕೆಳಮಗ್ಗುಲಲ್ಲಿ ಎರಡೆಕರೆಯ ಒಬ್ಬ ವಿಧವೆಯ ತೆರೆದ ಬಾವಿಯಿತ್ತು. ಅವಳ ಮಾವನ ಕಾಲದ ಕಲ್ಲು ಕಟ್ಟಿದ ಬಾವಿ. ಅದರ ಮೇಲೆ ಉಳ್ಳಾಗಡ್ಡಿ, ಕಾಯಿಪಲ್ಲೆ ಬೆಳೆದು ಸಂತೆಗೆ ಒಯ್ದು ಜೀವಿಸುತ್ತಿದ್ದಳು. ಆ ಬೇಸಗೆಯಲ್ಲಿ ಅದು ಬತ್ತಿತು. ಅದು ಹೊಂಡಗಳಿಂದಲೇ ಬತ್ತಿತೆಂದು ನಾನು ಸಿದ್ಧಮಾಡಿ ತೋರಿಸಲಾರೆನು; ಅದನ್ನು ತೋರಿಸಬಲ್ಲ ವಿದ್ಯೆ ನನ್ನಲ್ಲಿಲ್ಲವೆಂಬದೇ ನನ್ನ ತಕರಾರು. ನನ್ನ ವರದಿಯಲ್ಲಿ ಹೊಂಡಗಳ ಸಂಖ್ಯೆಯಿತ್ತು, ಹಾಳೆಯ ಅಳತೆಯಿತ್ತು, ಕೊಟ್ಟ ಸಹಾಯಧನವಿತ್ತು. ಅವಳ ಬಾವಿಯು ಮಾತ್ರ ನನ್ನ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಈ ವಿದ್ಯೆಯವನ ಜೀವನಕ್ರಮ

ಇನ್ನು ಮಗಳ ಪ್ರಶ್ನೆಗೆ ಬರೋಣ. ಈ ವಿದ್ಯೆಯಲ್ಲಿ ಅಧ್ಯಾಪಕನಾಗುವ ದಾರಿಯು ಸುಲಭವಾದುದಲ್ಲ. ಪದವಿಗೆ ನಾಲ್ಕು ವರ್ಷ, ಎಂ.ಎಸ್‌ಸಿ.ಗೆ ಎರಡು ವರ್ಷ, ಪಿಎಚ್.ಡಿ.ಗೆ ಮೂರರಿಂದ ಐದು ವರ್ಷ. ಅರ್ಹತಾ ಪರೀಕ್ಷೆ ಬೇರೆ. ಆಮೇಲೆ ಕಾಯಂ ಅಲ್ಲದ ಸಂಶೋಧನ ಸಹಾಯಕನ ಕೆಲಸದಲ್ಲಿ ಕೆಲವು ವರ್ಷ. ಇಷ್ಟು ಎಲ್ಲ ವಿದ್ಯೆಗಳಿಗೂ ಉಂಟು. ಇದಕ್ಕೆ ವಿಶೇಷವಾದ ತೊಂದರೆಗಳು ಮೂರು.

ಮೊದಲನೆಯದಾಗಿ, ಅವನು ಎರಡು ಭಾಷೆಗಳನ್ನು ಕಲಿಯಬೇಕು. ಗಣಿತ ಮತ್ತು ಗಣಕಯಂತ್ರದ ಭಾಷೆ ಒಂದು. ಕಣದ, ಕಟ್ಟೆಯ, ಸಾಲದ ಅಂಗಡಿಯ ಭಾಷೆ ಇನ್ನೊಂದು. ಒಂದನ್ನೇ ಬಲ್ಲವರು ಬಹಳ ಜನರಿದ್ದಾರೆ. ಎರಡನೆಯದಾಗಿ, ಅವನ ಪ್ರಯೋಗಶಾಲೆಯು ಊರು. ಕುಂಡದಲ್ಲಿಯ ಸಸಿಯ ಪ್ರಯೋಗವು ಕೆಟ್ಟರೆ ಮರುತಿಂಗಳು ಮತ್ತೆ ಮಾಡಬಹುದು. ಊರಿನಲ್ಲಿ ಒಂದು ಮಳೆಗಾಲದ ಅಳತೆಯು ತಪ್ಪಿದರೆ ಒಂದು ವರ್ಷವೇ ಹೋಯಿತು. ಆದುದರಿಂದ ಅವನ ಪ್ರಬಂಧಗಳು ಸಂಖ್ಯೆಯಲ್ಲಿ ಕಡಿಮೆ, ಬರುವದೂ ತಡವಾಗಿ. ಮೂರನೆಯದಾಗಿ, ಅವನ ಕೆಲಸವು ಯಾವಾಗಲೂ ಕೂಡಿ ಮಾಡುವಂಥದು. ಒಂದೊಂದು ಪ್ರಬಂಧಕ್ಕೆ ಐದಾರು ಹೆಸರುಗಳಿರುವವು. ವಿಶ್ವವಿದ್ಯಾಲಯ ಅನುದಾನ ಮಂಡಳಿಯ 2018ರ ನಿಯಮಗಳು ಇಬ್ಬರಿಗಿಂತ ಹೆಚ್ಚು ಜನರು ಬರೆದ ಪ್ರಬಂಧದಲ್ಲಿ ಮೊದಲಿನವನಿಗೂ ಮುಖ್ಯನಿಗೂ ಪೂರ್ಣ ಗುಣದ ಶೇಕಡಾ 70ನ್ನೂ, ಉಳಿದ ಒಬ್ಬೊಬ್ಬರಿಗೆ ಶೇಕಡಾ 30ನ್ನೂ ಕೊಟ್ಟವು. ಕೃಷಿ ವಿದ್ಯಾಪೀಠಗಳ ಗುಣಪಟ್ಟಿಯು ಬೇರೆಯಿದ್ದರೂ ಅಲ್ಲಿಯೂ ಪತ್ರಿಕೆಯ ದರ್ಜೆಯನ್ನು ನೋಡಿ ಗುಣ ಕೊಡುವದೇ ವಾಡಿಕೆ. ಕೂಡಿ ದುಡಿಯಬೇಕಾದವನಿಗೆ ಕೂಡಿ ದುಡಿದುದೇ ನಷ್ಟವಾಗುವ ಕಟ್ಟಳೆಯು ಈ ವಿದ್ಯೆಗೆ ಹಿತಕರವಲ್ಲ.

ಇವುಗಳಿಗಿಂತ ದೊಡ್ಡ ಅಡ್ಡಿಯೆಂದರೆ ಜಾಗದ ಹೆಸರು. ಕೃಷಿ ವಿದ್ಯಾಪೀಠಗಳಲ್ಲಿ ಜಾಗಗಳನ್ನು ಬೇಸಾಯಶಾಸ್ತ್ರ, ಮಣ್ಣಿನ ಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ಕೃಷಿ ವಿಸ್ತರಣ ಎಂದು ವಿಷಯವಾರು ಕರೆಯುವರು. ಅದೇ ವಿಷಯದ ಪದವಿಯಿದ್ದವನು ಅರ್ಜಿ ಹಾಕಬಹುದು. ನಾಲ್ಕನ್ನೂ ಕೂಡಿಸಿ ಕಲಿತವನು ನಾಲ್ಕು ಬಾಗಿಲುಗಳಲ್ಲಿಯೂ ಹೊರಗಿನವನಾಗುವನು. ನಾನು ಮೇಲೆ ಹೆಸರಿಸಿದ ನಮ್ಮ ರಾಜ್ಯದ ಸಂಸ್ಥೆಗಳನ್ನು ವಾಚಕರು ಇನ್ನೊಮ್ಮೆ ನೋಡಬೇಕು. ಎಲ್ಲವೂ ಬೆಂಗಳೂರಿನವು, ಒಂದೂ ಕೃಷಿ ವಿದ್ಯಾಪೀಠವಲ್ಲ. ಅವು ಮಾಡಿದ ಕೆಲಸವು ಸ್ತುತ್ಯವಾದುದು. ಆದರೆ ಎರೆಭೂಮಿಯ ಹಳ್ಳಿಯನ್ನು ಎಣಿಸಲು ಎರೆಭೂಮಿಯಲ್ಲಿ ಕುಳಿತವನೇ ಬೇಕು.

ಆಕ್ಷೇಪಣೆಗಳು

ಮನುಷ್ಯನ ಮನಸ್ಸನ್ನು ಅಂಕಿಗೆ ತರಲು ಬಾರದೆಂದು ಕೆಲವರು ಹೇಳುವರು. ಒಬ್ಬನ ಮನಸ್ಸನ್ನು ತರಲು ಬಾರದೆಂಬದು ನಿಜ. ಆದರೆ ಧಾರಣೆಯೇರಿದಾಗ ನೂರು ಮನೆಗಳಲ್ಲಿ ಸುಮಾರು ಎಷ್ಟು ಮನೆಗಳು ಬೋರಿಗೆ ಹೊರಡುವವೆಂಬದನ್ನು ಹಿಂದಿನ ವರ್ಷಗಳ ಅನುಭವದಿಂದ ಅಂದಾಜು ಮಾಡಬಹುದು. ಈಗಲೂ ನಾವು ಅಂದಾಜು ಮಾಡುತ್ತಲೇ ಇದ್ದೇವೆ. ‘ಒಬ್ಬನೂ ಬದಲಾಗುವದಿಲ್ಲ’ ಎಂಬ ಅಂದಾಜೇ ನಮ್ಮ ಇಂದಿನ ಯೋಜನೆಗಳಲ್ಲಿ ಅಡಗಿದೆ. ಅದಕ್ಕಿಂತ ಕೆಟ್ಟ ಅಂದಾಜು ಇನ್ನೊಂದಿಲ್ಲ.

ಇದನ್ನೆಲ್ಲ ನಮ್ಮ ಹಿರಿಯ ಒಕ್ಕಲಿಗರು ಮೊದಲೇ ಬಲ್ಲರು, ಅಧ್ಯಾಪಕನೇಕೆ ಎಂದು ಇನ್ನು ಕೆಲವರು ಕೇಳುವರು. ಬಲ್ಲರೆಂಬದು ಸತ್ಯ, ಬಿದಿರಿನ ಮುಳ್ಳಿನ ಕಥೆಯೇ ಅದಕ್ಕೆ ಸಾಕ್ಷಿ. ಆದರೆ ಒಬ್ಬೊಬ್ಬರು ತಮ್ಮ ಹೊಲದ ಮಟ್ಟಿಗೆ ಬಲ್ಲರು. ಅವರ ಅರಿವನ್ನು ಕೂಡಿಸಿ ಮೇಲಿನವರ ಮುಂದೆ ಪುರಾವೆಯಾಗಿ ಇಡುವದಕ್ಕೆ ಒಬ್ಬ ಲೆಕ್ಕಿಗನು ಬೇಕು.

ಮೂರನೆಯ ಆಕ್ಷೇಪವು ನನಗೂ ಭಾರವಾಗಿ ತೋರುವದು. ಲೆಕ್ಕವು ಒಮ್ಮೆ ಸರಕಾರದ ಕೈಗೆ ಬಂದರೆ ಅದನ್ನು ಹಿಡಿದುಕೊಂಡು ‘ನೀನು ಬೋರು ಹಾಕಬೇಡ, ನೀನು ದ್ರಾಕ್ಷಿ ಹಚ್ಚಬೇಡ’ ಎಂದು ಸಣ್ಣವನನ್ನು ತಡೆಯುವರು. ಆಗಲೇ ನಾಲ್ಕು ಬೋರುಗಳನ್ನು ಹಾಕಿದ ದೊಡ್ಡವನು ಸುಖವಾಗಿರುವನು. ಈ ಭಯವು ಸುಳ್ಳಲ್ಲ. ಅದಕ್ಕೇ ಈ ಲೆಕ್ಕವು ಮೊದಲು ಊರವರ ಮುಂದೆ ಬರಬೇಕು, ಆಮೇಲೆ ಕಚೇರಿಗೆ ಹೋಗಬೇಕು. ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಾಗದ ಮಾದರಿಯಿಂದ ಊರಿಗೆ ಉಪಯೋಗವಿಲ್ಲ.

ಏನು ಮಾಡಬೇಕು?

ನನ್ನ ಸೂಚನೆಗಳು ಸಣ್ಣವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ವಿಜಯಪುರದಲ್ಲಿ ಕೃಷಿ ಕಾಲೇಜೂ ಒಣ ಬೇಸಾಯದ ಸಂಶೋಧನೆಯೂ ಇವೆ. ಅಲ್ಲಿ ನೆಲ, ನೀರು, ಜನ ಇವುಗಳ ಕೂಡು ಅಧ್ಯಯನಕ್ಕೆಂದೇ ಒಂದು ಸಹಾಯಕ ಪ್ರಾಧ್ಯಾಪಕನ ಜಾಗವನ್ನು ನಿರ್ಮಿಸಬೇಕು. ಆ ಜಾಗಕ್ಕೆ ಇಂಥದೇ ಒಂದು ವಿಷಯದ ಪದವಿ ಬೇಕೆಂಬ ಕಟ್ಟು ಇರಬಾರದು. ಮಾಡಿದ ಕೆಲಸವನ್ನು ನೋಡಿ ಆರಿಸಬೇಕು. ಆರಿಸಿದವನು ಮೊದಲಿನ ಎರಡು ಮಳೆಗಾಲ, ಎರಡು ಬೇಸಗೆಗಳನ್ನು ಒಂದೇ ಹಳ್ಳದ ಊರುಗಳಲ್ಲಿ ಕಳೆಯಬೇಕು. ಆ ಅವಧಿಯಲ್ಲಿ ಪ್ರಬಂಧಗಳೆಷ್ಟೆಂದು ಯಾರೂ ಕೇಳಬಾರದು. ಬಡತಿಯ ಸಮಯದಲ್ಲಿ ಕೂಡಿ ಬರೆದ ಪ್ರಬಂಧಕ್ಕೂ ಊರವರಿಗಾಗಿ ಕನ್ನಡದಲ್ಲಿ ಬರೆದ ವರದಿಗೂ ಪೂರ್ಣ ಗುಣ ಕೊಡಬೇಕು. ನಮ್ಮ ಖಾತೆಯವರಾದ ನಾವು ಬೆಳೆಯ ದಾಖಲೆ, ಮಳೆಯ ದಾಖಲೆ, ಹೊಂಡ ಮತ್ತು ಹನಿನೀರಾವರಿಗಳ ಪಟ್ಟಿಗಳನ್ನು ಅವನಿಗೆ ತಡಮಾಡದೆ ಒದಗಿಸಬೇಕು. ಕೊನೆಯದಾಗಿ, ಅವನ ಲೆಕ್ಕವು ತಪ್ಪಿದಾಗ ಆ ತಪ್ಪನ್ನೂ ಪ್ರಕಟಿಸುವ ಧೈರ್ಯವು ಅವನಿಗೂ ಅವನ ಮೇಲಿನವರಿಗೂ ಇರಬೇಕು. ಪುರದ ಉದಾಹರಣೆಯು ನಮ್ಮೆದುರಿಗಿದೆ.

ಒಂದು ಜಾಗದ ಸಂಬಳವು ಸರಕಾರಕ್ಕೆ ಭಾರವಾಗಲಾರದು. ನೀರೆತ್ತುವ ಯೋಜನೆಗಳಿಗೆ ಕೋಟಿಗಟ್ಟಲೆ ಹಣವನ್ನು ಸುರಿದ ನಾಡು, ಆ ನೀರು ಹಳ್ಳಿಯಲ್ಲಿ ಏನು ಮಾಡುವದೆಂದು ನೋಡುವ ಒಬ್ಬನನ್ನು ಸಾಕಲಾರದೇ?

ಆ ಹಿರಿಯರಿಗೆ ನಾನು ಸಂಖ್ಯೆಯನ್ನು ಹೇಳಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆನು. ಆದರೆ ಅಲ್ಲಿಯ ವರೆಗೆ ಕೈಕಟ್ಟಿ ಕೂಡ್ರುವದೂ ಬೇಡ. ಊರಿನ ಶಾಲೆಯ ಗೋಡೆಯ ಮೇಲೆ ತಿಂಗಳಿಗೊಮ್ಮೆ ಮೂರು ಅಂಕಿಗಳನ್ನು ಬರೆಯಿಸಿರೆಂದು ಕೇಳಿಕೊಂಡೆನು: ಈ ತಿಂಗಳು ಬಿದ್ದ ಮಳೆ, ಹಳ್ಳದಲ್ಲಿ ನಡೆಯುತ್ತಿರುವ ಬೋರುಗಳ ಸಂಖ್ಯೆ, ಗೊತ್ತುಪಡಿಸಿದ ಒಂದು ತೆರೆದ ಬಾವಿಯಲ್ಲಿಯ ನೀರಿನ ಆಳ. ಐದು ವರ್ಷ ಬರೆದರೆ ಊರು ತನ್ನ ಲೆಕ್ಕವನ್ನು ತಾನೇ ಓದಲು ಕಲಿಯುವದು. ಮುಂದೆ ಯಾವನಾದರೂ ಅಧ್ಯಾಪಕನು ಬಂದರೆ ಅವನಿಗೆ ಅದಕ್ಕಿಂತ ದೊಡ್ಡ ಕಾಣಿಕೆಯಿಲ್ಲ. ಗೊತ್ತುಪಡಿಸುವ ಬಾವಿಯು ಹಳ್ಳದ ಕೆಳಮಗ್ಗುಲಿನ, ಬಡವರೊಬ್ಬರ ಬಾವಿಯಾಗಿರಲಿ ಎಂದೂ ಹೇಳಿದೆನು.

ಮಗಳಿಗೆ ಹೇಳಿದುದು ಇಷ್ಟು: “ಹೋಗು ತಂಗೀ, ಕಲಿ. ಇಂದು ಈ ಕಡೆ ಕುರ್ಚಿ ಇಲ್ಲ. ಇದೆಯೆಂದು ಸುಳ್ಳು ಹೇಳಿ ನಿನ್ನನ್ನು ಕಳುಹಿಸಲಾರೆ. ಗಣಿತವನ್ನು ಗಟ್ಟಿಯಾಗಿ ಕಲಿ. ಅದರೊಡನೆ ನಿಮ್ಮ ಅಪ್ಪನ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಒಂದು ಕಾಗದದ ಮೇಲೆ ಬರೆದು ಜತೆಗಿಟ್ಟುಕೋ. ನಿನ್ನ ಲೆಕ್ಕವು ಆ ಪ್ರಶ್ನೆಯನ್ನು ಮರೆತ ದಿನ ಊರಿಗೆ ತಿರುಗಿ ಬಾ.” ಕುರ್ಚಿಯನ್ನು ಮಾಡಿಸುವದು ಅವಳ ಕೆಲಸವಲ್ಲ, ನಮ್ಮ ಕೆಲಸ. ಅವಳು ಕಲಿತು ಬರುವಷ್ಟರಲ್ಲಿ ನಾಲ್ಕೈದು ವರ್ಷಗಳಾದರೂ ಆಗುವವು. ಒಂದು ಜಾಗವನ್ನು ಮಂಜೂರು ಮಾಡಲು ಅಷ್ಟು ಕಾಲವು ಸಾಕೆಂದು ನಾನು ನಂಬಿದ್ದೇನೆ. ಮೇಲಿನವರು ಈ ಬಿನ್ನಹವನ್ನು ವಿಚಾರಕ್ಕೆ ತೆಗೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

— ಒಬ್ಬ ಕೃಷಿ ಇನ್‌ಸ್ಪೆಕ್ಟರ, ಎಲ್.ಎಜಿ.
ನಿಡೋಣಿ, ಬಬಲೇಶ್ವರ ತಾಲೂಕು